ಯಾವ ಕಲ್ಲಿನಿಂದ ಶುರು ಮಾಡ್ತೀರಿ? ಹಾಸನ, ಚಿಕ್ಕಮಗಳೂರಿನಲ್ಲಿ ಮನೆ ಜಾಗ ಅಳೆಸುವವರಿಗೆ ಸಮಗ್ರ ಮಾರ್ಗದರ್ಶಿ

ಸೈಟು ಅಳೆಯುವುದು ದೊಡ್ಡ ವಿದ್ಯೆಯಲ್ಲ. ಟೇಪಿನ ಎರಡು ತುದಿ ಹಿಡಿಯಲು ಇಬ್ಬರಿದ್ದರೆ 40×60ರ ನಿವೇಶನ ಹತ್ತು ನಿಮಿಷದಲ್ಲಿ ಮುಗಿಯುತ್ತದೆ. ಕಷ್ಟ ಇರುವುದು ಟೇಪಿನ ಸೊನ್ನೆಯನ್ನು ಎಲ್ಲಿ ಇಡಬೇಕು ಎಂಬಲ್ಲಿ. ಪಕ್ಕದವರ ಕಾಂಪೌಂಡಿಗೆ ಸೊನ್ನೆ ಇಟ್ಟರೆ ಅವರು ಮಾಡಿದ ತಪ್ಪು ನಿಮ್ಮ ನಕ್ಷೆಗೂ ಬರುತ್ತದೆ. ರಸ್ತೆಯ ಅಂಚಿಗೆ ಇಟ್ಟರೆ, ಆ ರಸ್ತೆ ದಾಖಲೆಯಲ್ಲಿ ಇರುವಷ್ಟೇ ಅಗಲ ಇದೆಯೇ ಎಂಬ ಪ್ರಶ್ನೆ ಏಳುತ್ತದೆ. ಸರ್ವೆಯರ್‌ಗೆ ಕೊಡುವ ಹಣದ ಮುಕ್ಕಾಲು ಪಾಲು ಈ ಸೊನ್ನೆಯನ್ನು ಹುಡುಕಿಸಿದ್ದಕ್ಕೇ ಹೋಗಬೇಕು. ಉಳಿದದ್ದನ್ನು ಯಂತ್ರ ಮಾಡುತ್ತದೆ.

ಕರೆಸಬೇಕಾದ ಹೊತ್ತು ಯಾವುದು? ನೋಂದಣಿಗೆ ಮುಂಚೆ. ಅದು ತಪ್ಪಿದ್ದರೆ ಪಾಯ ತೋಡುವ ಮುಂಚೆ. ಕಾಂಪೌಂಡು ಎದ್ದ ಮೇಲೆ ಕರೆಸಿದರೆ ಅವರು ಬಂದು ಹೇಳುವುದು ಜಗಳದ ಅಳತೆಯನ್ನು ಮಾತ್ರ.

ಮೊದಲು ಜಾಗ ಯಾವ ಬಗೆಯದು ನೋಡಿ

ಒಂದನೆಯದು, ಮಂಜೂರಾದ ಬಡಾವಣೆಯ ನಿವೇಶನ. ನಗರಾಭಿವೃದ್ಧಿ ಪ್ರಾಧಿಕಾರದ್ದಾಗಿರಬಹುದು, ಗೃಹ ನಿರ್ಮಾಣ ಸಹಕಾರ ಸಂಘದ್ದಾಗಿರಬಹುದು, ಖಾಸಗಿಯವರದ್ದಾಗಿರಬಹುದು. ಇಲ್ಲಿ ಗಡಿ ನಿರ್ಧಾರ ಮಾಡುವುದು ಅನುಮೋದಿತ ಬಡಾವಣೆ ನಕ್ಷೆ. ಭೂಮಾಪನ ಇಲಾಖೆಯ ಹಳೆಯ ಟಿಪ್ಪಣಿಯಲ್ಲಿ (ಮೂಲ ಸರ್ವೆಯ ಅಳತೆ ಬರೆದ ನಕ್ಷೆ) ಇಡೀ ಸರ್ವೆ ನಂಬರಿನ ಎಲ್ಲೆ ಸಿಗುತ್ತದೆಯೇ ಹೊರತು ನಿಮ್ಮ 37ನೇ ನಂಬರಿನ ಸೈಟಿನ ಮೂಲೆ ಸಿಗುವುದಿಲ್ಲ.

ಎರಡನೆಯದು, ಸರ್ವೆ ನಂಬರಿನ ಜಾಗ. ತೋಟದ ಅಂಚಿನಲ್ಲೋ ಹೊಲದಲ್ಲೋ ಐದು ಗುಂಟೆ, ಹತ್ತು ಗುಂಟೆ ಬಿಡಿಸಿಕೊಂಡು ಮನೆ ಕಟ್ಟುವವರದ್ದು. ಇಲ್ಲಿ ಪಹಣಿ, ಆಕಾರ್‌ಬಂದ್ (ಸರ್ವೆ ನಂಬರುಗಳ ವಿಸ್ತೀರ್ಣ, ಕಂದಾಯ ಬರೆದಿಟ್ಟ ಇಲಾಖೆಯ ದಾಖಲೆ), ಟಿಪ್ಪಣಿ, ಗ್ರಾಮ ನಕಾಶೆ ನಾಲ್ಕನ್ನೂ ಒಟ್ಟಿಗೆ ಇಟ್ಟು ನೋಡಬೇಕು. ಮನೆ ಕಟ್ಟಬೇಕಾದರೆ 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 95ನೇ ಕಲಮಿನಂತೆ ಭೂ ಪರಿವರ್ತನೆಯೂ ಆಗಿರಬೇಕು.

ಮೂರನೆಯದು, ಗ್ರಾಮಠಾಣಾ. ಊರೊಳಗಿನ ಹಳೆ ಮನೆ, ಹಿತ್ತಲು, ಕೊಟ್ಟಿಗೆ ಜಾಗ. ಹಳೆಯ ಕಂದಾಯ ಸರ್ವೆಯಲ್ಲಿ ಗ್ರಾಮಠಾಣಾ ಎಂದರೆ ಒಂದೇ ತುಂಡು. ಒಳಗಿನ ಒಂದೊಂದು ಮನೆಯನ್ನೂ ಅಳೆದು ಕಲ್ಲು ನೆಟ್ಟ ದಾಖಲೆ ಇರುವುದಿಲ್ಲ. 2020ರ ಏಪ್ರಿಲ್‌ನಲ್ಲಿ ಶುರುವಾದ ಸ್ವಾಮಿತ್ವ ಯೋಜನೆಯ ಡ್ರೋನ್ ಅಳತೆ ಇಂಥ ಜಾಗಗಳಿಗಾಗಿಯೇ ಬಂದದ್ದು. ಆ ಅಳತೆ ನಿಮ್ಮ ಊರಿನಲ್ಲಿ ಮುಗಿಯುವವರೆಗೆ ಪಂಚಾಯ್ತಿಯ ಪುಸ್ತಕ ಮತ್ತು ಕ್ರಯಪತ್ರದ ಚಕ್ಕುಬಂದಿಯೇ (ನಾಲ್ಕು ದಿಕ್ಕಿಗೆ ಏನಿದೆ ಎಂಬ ವಿವರ) ಆಧಾರ. ಇಲ್ಲಿ ಯಂತ್ರಕ್ಕಿಂತ ಅಕ್ಕಪಕ್ಕದವರ ಒಪ್ಪಿಗೆ ಸಹಿಗೆ ಬೆಲೆ ಜಾಸ್ತಿ.

ಈ ಮೂರಕ್ಕೂ ಸೇರದ ಜಾಗವೂ ಉಂಟು: ಪರಿವರ್ತನೆ ಆಗದ ಹೊಲಕ್ಕೆ ಸುಣ್ಣದ ಗೆರೆ ಎಳೆದು ‘30×40’ ಎಂದು ಮಾರಿದ ರೆವಿನ್ಯೂ ಸೈಟು. ಅದನ್ನು ಎಂಥ ಸರ್ವೆಯರ್ ಅಳೆದರೂ ದಾಖಲೆಯಲ್ಲಿ ಹುಟ್ಟದ ಗಡಿ ನೆಲದಲ್ಲಿ ಹುಟ್ಟುವುದಿಲ್ಲ. ಅಲ್ಲಿ ಮೊದಲು ವಕೀಲರನ್ನು ನೋಡಿ.

ಯಾವ ಸರ್ವೆಯರ್?

ಬಹಳ ಜನ ಎಡವುವುದು ಇಲ್ಲಿ. ‘ಸರ್ವೆಯರ್’ ಎಂಬ ಒಂದೇ ಹೆಸರಿನಲ್ಲಿ ಮೂರು ಬಗೆಯವರು ಇದ್ದಾರೆ.

ತಾಲ್ಲೂಕಿನ ಸರ್ಕಾರಿ ಭೂಮಾಪಕರು ಭೂದಾಖಲೆಗಳ ಸಹಾಯಕ ನಿರ್ದೇಶಕರ (ಎಡಿಎಲ್‌ಆರ್) ಕೈಕೆಳಗೆ ಕೆಲಸ ಮಾಡುವವರು. ಸರ್ವೆ ನಂಬರಿನ ಎಲ್ಲೆಯನ್ನು ದಾಖಲೆಯಂತೆ ನೆಲದ ಮೇಲೆ ತೋರಿಸಿಕೊಡುವ ಹದ್ದುಬಸ್ತು, ಹಿಸ್ಸೆ ಬೇರೆ ಮಾಡುವ ಪೋಡಿ, ಇವೆಲ್ಲ ಇಲಾಖೆಯ ಕೆಲಸ. ಪರವಾನಗಿ ಪಡೆದ ಭೂಮಾಪಕರು ನೌಕರರಲ್ಲ, ಆದರೆ ಇಲಾಖೆಯ ಪರವಾಗಿ ಅಳೆಯುವವರು. ಸರ್ವೆ ನಂಬರಿನ ಒಂದು ಭಾಗವನ್ನು ಮಾರಲು ಬೇಕಾದ 11ಇ ನಕ್ಷೆ, ಪರಿವರ್ತನೆಗೆ ಬೇಕಾದ ನಕ್ಷೆ ಇಂಥವುಗಳಲ್ಲಿ ಇವರನ್ನು ಕಾಣುತ್ತೀರಿ. ಇಲಾಖೆಯ ಅಳತೆ ಅರ್ಜಿಗಳ ಮೋಜಿಣಿ ವ್ಯವಸ್ಥೆಯಲ್ಲಿ ಅರ್ಜಿ ಹಾಕಿ ಶುಲ್ಕ ಕಟ್ಟಿದ ಮೇಲೆ ಕೆಲಸವನ್ನು ಇಲಾಖೆಯೇ ಹಂಚುತ್ತದೆ. ನೀವು ಆರಿಸಿಕೊಂಡು ಕರೆಸುವವರಲ್ಲ.

ಮೂರನೆಯವರು ಖಾಸಗಿಯವರು. ಟೋಟಲ್ ಸ್ಟೇಷನ್ (ದೂರ, ಕೋನ ಎರಡನ್ನೂ ಅಳೆಯುವ ಯಂತ್ರ), ರೋವರ್ (ಉಪಗ್ರಹದ ಸಂಕೇತದಿಂದ ನಿಖರವಾಗಿ ಜಾಗ ಹಿಡಿಯುವ ಯಂತ್ರ) ಇಟ್ಟುಕೊಂಡಿರುವ ಸಿವಿಲ್ ಎಂಜಿನಿಯರ್ ಅಥವಾ ಡಿಪ್ಲೊಮಾ ಓದಿದವರು. ಇವರ ಅಳತೆ ಎಷ್ಟೇ ನಿಖರವಾಗಿದ್ದರೂ ಗಡಿ ‘ನಿಗದಿ’ ಮಾಡುವ ಅಧಿಕಾರ ಇವರಿಗಿಲ್ಲ. ಹಾಗಂತ ಬೇಡವೆಂದಲ್ಲ. ಮನೆಯ ಪ್ಲಾನು ಬರೆಯುವ ಮುನ್ನ ಬೇಕಾಗುವ ಏರುತಗ್ಗಿನ ನಕ್ಷೆ, ಬಡಾವಣೆ ನಕ್ಷೆಯಂತೆ ಮೂಲೆ ಗುರುತಿಸುವುದು, ಪಿಲ್ಲರ್ ಸೆಂಟರ್ ಹಾಕಿಕೊಡುವುದು, ಕೊಳ್ಳುವ ಮುನ್ನ ‘ಹೇಳಿದಷ್ಟು ಜಾಗ ಇದೆಯೇ’ ನೋಡುವುದು, ಇದಕ್ಕೆಲ್ಲ ಇವರೇ ಸರಿ. ಬಾಕಿ ಬರಹದಲ್ಲಿ ಸರ್ವೆಯರ್ ಎಂದರೆ ಹೆಚ್ಚಾಗಿ ಇವರೇ.

ಸರ್ವೆ ನಂಬರಿನ ಜಾಗಕ್ಕೆ ಸರಿಯಾದ ಕ್ರಮ ಹೀಗೆ: ಮೊದಲು ಹದ್ದುಬಸ್ತು ಮಾಡಿಸಿ ಕಲ್ಲು ನೆಡಿಸಿ, ಆಮೇಲೆ ಖಾಸಗಿಯವರಿಂದ ಆ ಕಲ್ಲುಗಳನ್ನೇ ಹಿಡಿದು ವಿವರವಾದ ನಕ್ಷೆ ಮಾಡಿಸಿ. ಉಲ್ಟಾ ಮಾಡಿದರೆ ಎರಡು ಸಲ ದುಡ್ಡು.

ಕಾಗದದ ಕಟ್ಟು

ಸರ್ವೆಯರ್‌ಗೆ ಫೋನ್ ಮಾಡುವ ಮುನ್ನ ಕೈಯಲ್ಲಿ ಇರಬೇಕಾದವು: ಕ್ರಯಪತ್ರ, ಅದರ ಹಿಂದಿನ ಮೂಲ ಪತ್ರಗಳು, ಕಾವೇರಿ ಜಾಲತಾಣದಿಂದ ಋಣಭಾರ ಪತ್ರ, ಖಾತೆ (ಪಂಚಾಯ್ತಿ ಆಸ್ತಿಯಾದರೆ ಇ-ಸ್ವತ್ತಿನ ನಮೂನೆ 9 ಮತ್ತು 11). ಬಡಾವಣೆಯಾದರೆ ಪ್ರಾಧಿಕಾರದ ಮೊಹರಿರುವ ಇಡೀ ನಕ್ಷೆಯ ಪ್ರತಿ. ಮಾರಾಟಕ್ಕೆ ಹಂಚುವ ಬಣ್ಣದ ಕರಪತ್ರ ನಡೆಯುವುದಿಲ್ಲ. ಸರ್ವೆ ನಂಬರಾದರೆ ಟಿಪ್ಪಣಿ ಮತ್ತು ಆಕಾರ್‌ಬಂದ್ ನಕಲು, ಪೋಡಿ ಆಗಿದ್ದರೆ ಅದರ ನಕ್ಷೆ, ಪರಿವರ್ತನೆ ಆದೇಶ.

ಇದರಲ್ಲಿ ಮೂರು ಕಡೆ ಕಣ್ಣಿಡಿ.

ಪಹಣಿಯ ವಿಸ್ತೀರ್ಣವೂ ಆಕಾರ್‌ಬಂದ್ ವಿಸ್ತೀರ್ಣವೂ ಒಂದೇ ಇದೆಯೇ? ಹೆದ್ದಾರಿ 75ರ ಅಗಲೀಕರಣಕ್ಕೋ ಹೇಮಾವತಿ, ಯಗಚಿ ನಾಲೆಗೋ ಪಟ್ಟಿ ಜಾಗ ಹೋಗಿರುವ ಕಡೆ ಒಂದು ದಾಖಲೆ ತಿದ್ದುಪಡಿಯಾಗಿ ಇನ್ನೊಂದು ಹಾಗೇ ಉಳಿದಿರುವುದುಂಟು. ಸ್ವಾಧೀನಕ್ಕೆ ಹೋದ ಗುಂಟೆಗಳನ್ನೂ ಸೇರಿಸಿ ಮಾರುವವರಿದ್ದಾರೆ. ಮೋಸಕ್ಕೆ ಅಂತಲೇ ಅಲ್ಲ, ಎಷ್ಟೋ ಸಲ ಅವರಿಗೇ ಗೊತ್ತಿರುವುದಿಲ್ಲ.

ಎರಡು, ಖರಾಬು. ‘ಅ’ ಖರಾಬು ಸಾಗುವಳಿಗೆ ಬಾರದ ಜಾಗ. ‘ಬ’ ಖರಾಬು ದಾರಿ, ಹಳ್ಳ ಮುಂತಾಗಿ ಸಾರ್ವಜನಿಕ ಉಪಯೋಗಕ್ಕೆ ಬಿಟ್ಟದ್ದು. ಮಲೆನಾಡಿನ ಕಡೆ ನೋಟ ಚೆನ್ನಾಗಿರುವ ಜಾಗದ ಪಕ್ಕದಲ್ಲೇ ಹಳ್ಳ ಇರುತ್ತದೆ. ಹಳ್ಳದ ನೀರಿನವರೆಗೂ ನಿಮ್ಮದು ಎಂದು ಕೈ ತೋರಿಸಿದರೆ ‘ಬ’ ಖರಾಬು ಎಷ್ಟು, ಎಲ್ಲಿ ಎಂದು ಟಿಪ್ಪಣಿಯಲ್ಲಿ ನೋಡಿ.

ಮೂರು, ‘ಪೈಕಿ’ ಎಂಬ ಪದ. ಸರ್ವೆ ನಂಬರ್ 84/ಪೈಕಿ ಎಂದಿದ್ದರೆ ಪೋಡಿ ಆಗಿಲ್ಲ ಎಂದರ್ಥ. ಪಹಣಿಯಲ್ಲಿ ಹತ್ತು ಜನರ ಹೆಸರು, ಒಬ್ಬೊಬ್ಬರಿಗೂ ಇಷ್ಟಿಷ್ಟು ಗುಂಟೆ. ಆದರೆ ಯಾರದು ಎಲ್ಲಿ ಎಂಬುದಕ್ಕೆ ಗೆರೆ ಇಲ್ಲ. ದರಖಾಸ್ತಿನಲ್ಲಿ, ಅಂದರೆ ಅರ್ಜಿಯ ಮೇಲೆ ಸರ್ಕಾರದಿಂದ ಮಂಜೂರಾದ ಜಮೀನುಗಳಲ್ಲಿ ಇದು ತೀರಾ ಸಾಮಾನ್ಯ. ಪೋಡಿ ಆಗುವ ತನಕ ನಿಮ್ಮ ಪಾಲಿಗೆ ಮಾತ್ರ ಹದ್ದುಬಸ್ತು ಕೇಳಲು ಬರುವುದಿಲ್ಲ. ಖಾಸಗಿ ಸರ್ವೆಯರ್ ನಕ್ಷೆ ಮಾಡಿಕೊಟ್ಟರೆ ಅದು ಸದ್ಯ ಯಾರು ಎಲ್ಲಿ ಕೂತಿದ್ದಾರೆ ಎಂಬ ಚಿತ್ರ ಅಷ್ಟೇ.

ಅಳತೆಯ ಲೆಕ್ಕವೂ ಬಾಯಲ್ಲಿ ಇರಲಿ. ಹಳೆಯ ಸರಪಳಿ 33 ಅಡಿ, ಅದಕ್ಕೆ 16 ಆಣೆ. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲ ಸೇರಿದರೆ ಒಂದು ಗುಂಟೆ, ಅಂದರೆ 1,089 ಚದರಡಿ. 40 ಗುಂಟೆಗೆ ಎಕರೆ, 43,560 ಚದರಡಿ. ಗುಂಟೆಯೆಂದರೆ ಸಾವಿರ ಚದರಡಿ ಎಂದು ಬಾಯಿಲೆಕ್ಕ ಹಾಕುವವರಿಂದ ಹತ್ತು ಗುಂಟೆ ಕೊಂಡರೆ 890 ಚದರಡಿ ಕೈಬಿಡುತ್ತದೆ. ಮೀಟರಿನಲ್ಲಿ ಹಂಚಿದ ನಿವೇಶನಗಳದ್ದು ಇನ್ನೊಂದು ಗೊಂದಲ: 9×12 ಮೀಟರ್ ಅನ್ನು ಎಲ್ಲರೂ 30×40 ಎನ್ನುತ್ತಾರೆ. ಅದು ನಿಜಕ್ಕೂ ಸುಮಾರು 29.5×39.4 ಅಡಿ, 1,200 ಅಲ್ಲ, 1,162 ಚದರಡಿ. 30 ಅಡಿ ಎಂದು ಪಾಯ ಹಾಕಿದರೆ ಪಕ್ಕದವರ ಜಾಗಕ್ಕೆ ಅರ್ಧ ಅಡಿ ನುಗ್ಗಿದಂತೆ.

ಯಾರನ್ನು ಆರಿಸಬೇಕು, ಏನು ಕೇಳಬೇಕು

ಪರವಾನಗಿ ಭೂಮಾಪಕರು ಎಂದು ಹೇಳಿಕೊಂಡರೆ ಪರವಾನಗಿ ಸಂಖ್ಯೆ ಕೇಳಿ, ಎಡಿಎಲ್‌ಆರ್ ಕಚೇರಿಯಲ್ಲಿ ವಿಚಾರಿಸಿ. ಖಾಸಗಿಯವರಾದರೆ ಇತ್ತೀಚೆಗೆ ಮಾಡಿದ ಒಂದೆರಡು ನಕ್ಷೆಗಳನ್ನು ಹೆಸರು ಮುಚ್ಚಿ ತೋರಿಸಲು ಹೇಳಿ. ಯಂತ್ರದ ಕ್ಯಾಲಿಬ್ರೇಷನ್ ಪತ್ರ ಯಾವ ತಾರೀಖಿನದು ಕೇಳಿ. ಪಿಕಪ್ ಗಾಡಿಯಲ್ಲಿ ಘಾಟಿ ರಸ್ತೆ ಏರಿಳಿದ ಯಂತ್ರ ಹೊಂದಾಣಿಕೆ ತಪ್ಪುವುದು ದೊಡ್ಡ ಸಂಗತಿಯಲ್ಲ. ತಪ್ಪಿದ್ದು ಗೊತ್ತಾಗದೇ ಇರುವುದು ದೊಡ್ಡದು.

ಇಷ್ಟೆಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ ಒಂದೇ: ‘ಯಾವ ಕಲ್ಲಿನಿಂದ ಶುರು ಮಾಡ್ತೀರಿ?’

‘ಬಂದು ನೋಡಿ ಹೇಳ್ತೀನಿ, ಮೊದಲು ಟಿಪ್ಪಣಿ ಕಳಿಸಿ’ ಎಂದವರು ಕೆಲಸ ಬಲ್ಲವರು. ‘ನೀವು ಮೂಲೆ ತೋರಿಸಿ, ನಾನು ಅಳೀತೀನಿ’ ಎಂದವರು ನಿಮಗೆ ಗೊತ್ತಿದ್ದದ್ದನ್ನೇ ಕಂಪ್ಯೂಟರಿನಲ್ಲಿ ಬರೆದುಕೊಡುತ್ತಾರೆ. ‘ಮೊಬೈಲಿನ ದಿಶಾಂಕ್‌ನಲ್ಲಿ ಗಡಿ ಬರುತ್ತೆ’ ಎಂದವರಿಗೆ ನಮಸ್ಕಾರ ಹೇಳಿ. ದಿಶಾಂಕ್ ಒಳ್ಳೆಯ ಆ್ಯಪ್, ನಿಂತ ಜಾಗ ಯಾವ ಸರ್ವೆ ನಂಬರಿನಲ್ಲಿದೆ ಎಂದು ತಿಳಿಯಲು. ಮೊಬೈಲಿನ ಜಿಪಿಎಸ್ ಬಯಲಿನಲ್ಲೇ ನಾಲ್ಕೈದು ಮೀಟರ್ ಅತ್ತಿತ್ತ ತೋರಿಸುತ್ತದೆ. ನಲವತ್ತು ಅಡಿ ಸೈಟಿನಲ್ಲಿ ಅದು ಹದಿನೈದು ಅಡಿ.

ಕೆಲಸ ಒಪ್ಪಿಸುವಾಗ ಬರೆದುಕೊಳ್ಳಬೇಕಾದ್ದು

ದರ ದಿನಕ್ಕೋ, ಎಕರೆಗೋ, ಒಟ್ಟಿಗೋ ಎಂದು ಬರೆಸಿ. ಗಾಡಿ ಬಾಡಿಗೆ, ಪೊದೆ ಸವರುವ ಆಳು, ಕಲ್ಲಿನ ಖರ್ಚು ಯಾರದು ಎಂದೂ ಬರೆಸಿ. ಒಂದೇ ಹಾಳೆ ಸಾಕು, ವಾಟ್ಸ್‌ಆ್ಯಪ್ ಸಂದೇಶವಾದರೂ ಆದೀತು. ಕಂತಿನಲ್ಲಿ ಕೊಡಿ, ಕೊನೆಯ ಕಂತು ಕಡತಗಳು ಕೈಗೆ ಬಂದ ಮೇಲೆ.

ಕೈಗೆ ಬರಬೇಕಾದದ್ದು: ಸಹಿ, ಮೊಹರು, ತಾರೀಖು ಇರುವ ನಕ್ಷೆಯ ಮುದ್ರಿತ ಪ್ರತಿ ಮತ್ತು ಪಿಡಿಎಫ್, ಆರ್ಕಿಟೆಕ್ಟ್ ಬಳಸುವ ಡಿಡಬ್ಲ್ಯೂಜಿ ಕಡತ, ಎಲ್ಲ ಬಿಂದುಗಳ ನಿರ್ದೇಶಾಂಕಗಳ ಪಟ್ಟಿ. ಆ ಪಟ್ಟಿಯ ಮೇಲೆ ಯಾವ ಪದ್ಧತಿ ಎಂದು ಬರೆದಿರಬೇಕು. ನಮ್ಮ ಎರಡೂ ಜಿಲ್ಲೆಗಳು ಯುಟಿಎಂ ಎಂಬ ಜಾಗತಿಕ ನಿರ್ದೇಶಾಂಕ ಪದ್ಧತಿಯ 43ನೇ ವಲಯದಲ್ಲಿವೆ. 44 ಎಂದು ಬರೆದಿದ್ದರೆ ಯಾವುದೋ ಹಳೆ ಕಡತದ ತಲೆಬರಹ ನಕಲಾಗಿದೆ ಎಂದರ್ಥ, ಉಳಿದದ್ದನ್ನೂ ಅನುಮಾನದಿಂದ ನೋಡಿ.

ಇಳಿಜಾರಿನ ಜಾಗವಾದರೆ ಅರ್ಧ ಮೀಟರ್ ಅಂತರದ ಸಮೋನ್ನತಿ ರೇಖೆ (ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಗೆರೆ, ಕಾಂಟೂರ್) ಕೇಳಿ. ಒಂದು ಮೀಟರಿನದು ಮನೆ ಕಟ್ಟಲು ಒರಟಾಯಿತು. ಜೊತೆಗೆ ಈ ಮಟ್ಟಗಳೂ ಇರಲಿ: ರಸ್ತೆಯ ನಡುಭಾಗ, ಚರಂಡಿಯ ತಳ, ಪಕ್ಕದ ಮನೆಯ ಪಾಯದ ತಲೆ, ಮಳೆನೀರು ಒಳಬರುವ ಮತ್ತು ಹೊರಹೋಗುವ ಜಾಗ. ಸಕಲೇಶಪುರ, ಮೂಡಿಗೆರೆ ಕಡೆಯ ಮಳೆಗೆ ಚರಂಡಿ ತಳಕ್ಕಿಂತ ಕೆಳಗೆ ಕಾರ್ ಷೆಡ್ಡು ಕಟ್ಟಿದವರ ಪಾಡು ಜುಲೈನಲ್ಲಿ ನೋಡಬೇಕು. ಮಟ್ಟಗಳ ಆಧಾರ ಬಿಂದುವನ್ನು ಮೋರಿಯ ಕಟ್ಟೆಯಂಥ ಅಲುಗದ ಜಾಗದಲ್ಲಿ ಬಣ್ಣದಿಂದ ಗುರುತಿಸಿರಬೇಕು. ಮರಕ್ಕೆ ಮೊಳೆ ಹೊಡೆದು ಗುರುತು ಮಾಡಿದರೆ ಒಪ್ಪಬೇಡಿ.

ಯಾವ ತಿಂಗಳು

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಘಟ್ಟದ ಕಡೆ ಅಳತೆ ಬೇಡ. ಮಂಜಿನಲ್ಲಿ ಯಂತ್ರ ಗುರಿಯಿಡುವ ಪ್ರಿಸಂ ಕಾಣುವುದಿಲ್ಲ, ಕಲ್ಲುಗಳು ಗಿಡ ಬೆಳೆದು ಮುಚ್ಚಿರುತ್ತವೆ. ಕಾಫಿ ಕೊಯ್ಲಿನ ಹೊತ್ತಿನಲ್ಲಿ ಪೊದೆ ಸವರಲು ಆಳು ಸಿಗುವುದಿಲ್ಲ, ಹಣ್ಣು ತುಂಬಿದ ಗಿಡದ ನಡುವೆ ಮೂರುಕಾಲಿನ ಸ್ಟ್ಯಾಂಡ್ ಹೊತ್ತು ಓಡಾಡಲು ತೋಟದವರೂ ಬಿಡುವುದಿಲ್ಲ. ಫೆಬ್ರವರಿ ಕೊನೆಯಿಂದ ಏಪ್ರಿಲ್ ಒಳ್ಳೆಯ ಕಾಲ. ಅರಸೀಕೆರೆ, ಕಡೂರಿನ ಬಯಲಿಗೆ ಈ ಯಾವ ರಗಳೆಯೂ ಇಲ್ಲ.

ಅಳತೆಯ ದಿನ

ಹಿಂದಿನ ದಿನವೇ ಗಡಿಯುದ್ದಕ್ಕೂ ಎರಡಡಿ ಅಗಲ ಪೊದೆ ಸವರಿಸಿ. ಬಾಜುದಾರರಿಗೆ ಹೇಳಿ ಕರೆಸಿ. ಹದ್ದುಬಸ್ತಿನಲ್ಲಿ ನೋಟಿಸ್ ಕೊಡುವುದು ಇಲಾಖೆಯ ಕ್ರಮ. ಖಾಸಗಿ ಅಳತೆಗೆ ಅಂಥ ಕಡ್ಡಾಯ ಇಲ್ಲದಿದ್ದರೂ ಕದ್ದು ಅಳೆದ ಹಾಗಾಗಬಾರದು.

ಬಡಾವಣೆಯಲ್ಲಿ ಸರ್ವೆಯರ್ ನಿಮ್ಮ ಸೈಟನ್ನು ಮಾತ್ರ ಅಳೆದು ಹೊರಟರೆ ಕೆಲಸ ಅರ್ಧವಾಯಿತು. ಸಾಲಿನ ಈ ಕೊನೆಯ ಅಡ್ಡರಸ್ತೆಯಿಂದ ಆ ಕೊನೆಯ ಅಡ್ಡರಸ್ತೆವರೆಗೆ ಅಳೆಯಲೇಬೇಕು. 30 ಅಡಿಯ ಎಂಟು ಸೈಟಿನ ಸಾಲು 240 ಅಡಿ ಇರಬೇಕು. ನೆಲದಲ್ಲಿ 238 ಅಡಿ 6 ಇಂಚು ಬಂತು ಎನ್ನಿ. ಎಡದಿಂದ ಮೊದಲು ಕಟ್ಟಿದ ಏಳು ಜನ ತಮ್ಮ ತಮ್ಮ ಮೂವತ್ತು ಅಡಿ ಪೂರ್ತಿ ಹಿಡಿದುಕೊಂಡಿದ್ದರೆ ಕೊನೆಯವರಿಗೆ ಉಳಿಯುವುದು 28 ಅಡಿ 6 ಇಂಚು. ಕೊನೆಯವರು ನೀವಾಗಿದ್ದು, ಪಕ್ಕದ ಗೋಡೆಯಿಂದ ಮೂವತ್ತು ಅಡಿ ಹಿಡಿದರೆ ಒಂದೂವರೆ ಅಡಿ ರಸ್ತೆಯಲ್ಲಿ ಕೂತಿರುತ್ತೀರಿ. ಕೊರತೆ ಎಲ್ಲಿಂದ ಬಂತು? ರಸ್ತೆ ನಕ್ಷೆಗಿಂತ ಅಗಲವಾಗಿ ಬಿದ್ದಿರಬಹುದು, ಯಾರೋ ಒಂಬತ್ತಿಂಚಿನ ಕಾಂಪೌಂಡನ್ನು ಪೂರ್ತಿ ಹೊರಗೆ ಹಾಕಿರಬಹುದು, ಮೂಲದಲ್ಲೇ ಗೂಟ ತಪ್ಪಾಗಿ ನೆಟ್ಟಿರಬಹುದು. ಅದನ್ನು ನಕ್ಷೆಯಲ್ಲಿ ಬರೆದು ತೋರಿಸುವುದು ಸರ್ವೆಯರ್ ಕೆಲಸ. ತಾವೇ ಎಂಟು ಪಾಲು ಮಾಡಿ ಹಂಚುವುದಲ್ಲ. ತೀರ್ಮಾನಕ್ಕೆ ನಕ್ಷೆ ಮಂಜೂರು ಮಾಡಿದ ಪ್ರಾಧಿಕಾರಕ್ಕೆ ಹೋಗಬೇಕು.

ಇಳಿಜಾರಿನಲ್ಲಿ ಟೇಪನ್ನು ನೆಲಕ್ಕೆ ಒರಗಿಸಿ ಅಳೆಯಲು ಬಿಡಬೇಡಿ. ನಕ್ಷೆಗೂ ಪತ್ರಕ್ಕೂ ಬೇಕಾದದ್ದು ಸಮತಲದ ದೂರ. 20 ಡಿಗ್ರಿ ಇಳಿಜಾರಿನಲ್ಲಿ ನೆಲದ ಮೇಲೆ 60 ಅಡಿ ಎಂದರೆ ನಿಜಕ್ಕೆ 56.4 ಅಡಿ. 40 ಅಡಿ ಅಗಲದ ಜಾಗದಲ್ಲಿ 144 ಚದರಡಿ ಹೀಗೇ ಕರಗುತ್ತದೆ. ಟೋಟಲ್ ಸ್ಟೇಷನ್ ಇದನ್ನು ತಾನೇ ಲೆಕ್ಕ ಹಾಕುತ್ತದೆ. ಟೇಪೇ ಗತಿಯಾದರೆ ಮೆಟ್ಟಿಲಿಳಿದಂತೆ ತುಂಡು ತುಂಡಾಗಿ, ಟೇಪನ್ನು ಮಟ್ಟವಾಗಿ ಹಿಡಿದು, ತೂಗುಗುಂಡು ಬಿಟ್ಟು ಅಳೆಯಬೇಕು.

ತೋಟದೊಳಗೆ ರೋವರ್ ಹಿಡಿದು ನಿಂತಾಗ ಅದರ ಪರದೆ ನೋಡಿ. ‘ಫಿಕ್ಸ್’ ಎಂದಿದ್ದರೆ ಕೆಲವೇ ಸೆಂಟಿಮೀಟರಿನ ವ್ಯತ್ಯಾಸ. ‘ಫ್ಲೋಟ್’ ಎಂದಿದ್ದರೆ ಅಡಿಗಳಲ್ಲೇ ತಪ್ಪಬಹುದು. ಸಿಲ್ವರ್ ಓಕ್ ದಟ್ಟವಾಗಿ ಮೇಲೆ ಹೊದ್ದಿರುವ ಕಡೆ ಉಪಗ್ರಹದ ಸಂಕೇತ ಎಲೆಗೆ ತಾಗಿ ಚದುರುತ್ತದೆ, ಹಾಗಾಗಿ ಅಲ್ಲಿ ಫಿಕ್ಸ್ ಸಿಗುವುದು ಕಷ್ಟ. ಬಲ್ಲವರು ಗೇಟಿನ ಹತ್ತಿರದ ಬಯಲಿನಲ್ಲಿ ಎರಡು ಬಿಂದು ರೋವರಿನಿಂದ ಹಿಡಿದು, ಅಲ್ಲಿಂದ ಟೋಟಲ್ ಸ್ಟೇಷನ್ನಿನಲ್ಲಿ ತೋಟ ಸುತ್ತಿ ಮತ್ತೆ ಶುರುವಿನ ಬಿಂದುವಿಗೇ ಬಂದು ಸೇರುತ್ತಾರೆ. ಸೇರಿದಾಗ ಎಷ್ಟು ವ್ಯತ್ಯಾಸ ಬಂತು ಎಂದು ಕೇಳಿ. 400 ಮೀಟರ್ ಸುತ್ತಿ 4 ಸೆಂಟಿಮೀಟರಿನೊಳಗೆ ಬಂದರೆ ಚೆನ್ನ. ಒಂದಡಿ ಬಂದರೆ ಇನ್ನೊಂದು ಸುತ್ತು.

ಮೂಲೆಗೆ ಸುಣ್ಣದ ಗುರುತು, ಮರದ ಗೂಟ ಸಾಲದು. ಮೂರಡಿ ಉದ್ದದ ಕಲ್ಲು, ಎರಡಡಿ ನೆಲದೊಳಗೆ. ಕಲ್ಲು ಬೇಡವಾದರೆ 12 ಮಿಲಿಮೀಟರಿನ ಎರಡಡಿ ಕಂಬಿಯನ್ನು ಒಂದಡಿ ಚೌಕದ ಕಾಂಕ್ರೀಟಿನಲ್ಲಿ ಕೂರಿಸಿ. ಜೆಸಿಬಿ ಬರುವ ಮುನ್ನ ಪ್ರತಿ ಮೂಲೆಯಿಂದ ವಿದ್ಯುತ್ ಕಂಬ, ಮೋರಿ, ಹಳೆ ಗೋಡೆ ಹೀಗೆ ಮೂರು ಶಾಶ್ವತ ಗುರುತಿಗೆ ದೂರ ಬರೆದಿಟ್ಟುಕೊಳ್ಳಿ. ಕಲ್ಲು ಕಿತ್ತುಹೋದರೂ ಅದೇ ಜಾಗಕ್ಕೆ ಮತ್ತೆ ಇಡಬಹುದು.

ನಕ್ಷೆ ಬಂದ ಮೇಲೆ ನೀವೇ ಮಾಡುವ ಪರೀಕ್ಷೆ

ನಾಲ್ಕು ಬದಿಯ ಜೊತೆ ಎರಡೂ ಕರ್ಣ ಬರೆದಿರಬೇಕು. 30×40ಕ್ಕೆ ಕರ್ಣ ಸರಿಯಾಗಿ 50 ಅಡಿ. 40×60ಕ್ಕೆ 72 ಅಡಿ 1 ಇಂಚು ಚಿಲ್ಲರೆ. ಬದಿ ಸರಿಯಿದ್ದು ಕರ್ಣ ಬೇರೆ ಬಂದರೆ ಜಾಗ ಓರೆಯಾಗಿದೆ. 40, 60, 40, 60 ಬದಿಗಳೇ ಇದ್ದು ಒಂದು ಕರ್ಣ 66 ಅಡಿ ಬಂದರೆ ವಿಸ್ತೀರ್ಣ 2,400 ಅಲ್ಲ, ಸುಮಾರು 2,363 ಚದರಡಿ. ಎದುರು ಬದಿಗಳ ಸರಾಸರಿ ತೆಗೆದು ಗುಣಿಸುವ ಊರ ಲೆಕ್ಕ ಓರೆ ಜಾಗದಲ್ಲಿ ಯಾವಾಗಲೂ ಹೆಚ್ಚೇ ತೋರಿಸುತ್ತದೆ; ಮಾರುವವರಿಗೆ ಇಷ್ಟವಾದ ಲೆಕ್ಕ ಅದು. ಕರ್ಣ ಎಳೆದು ಎರಡು ತ್ರಿಕೋನ ಮಾಡಿ ಕೂಡಿಸಿದರೆ ನಿಜ ಸಿಗುತ್ತದೆ.

ಆಮೇಲೆ ಚಕ್ಕುಬಂದಿ. ಪತ್ರದಲ್ಲಿ ಪೂರ್ವಕ್ಕೆ ರಸ್ತೆ ಎಂದಿದ್ದು ನಕ್ಷೆಯಲ್ಲಿ ಈಶಾನ್ಯಕ್ಕೆ ತಿರುಗಿದ್ದರೆ ಗಾಬರಿ ಬೇಡ, ಹಳೆ ಪತ್ರ ಬರೆದವರು ದಿಕ್ಸೂಚಿ ಇಟ್ಟುಕೊಂಡು ಬರೆದಿರುವುದಿಲ್ಲ. ಆದರೆ ಪತ್ರದಲ್ಲಿ ಓಣಿ ಇದ್ದು ನೆಲದಲ್ಲಿ ಓಣಿಯೇ ಇಲ್ಲದಿದ್ದರೆ ಅಲ್ಲಿಗೇ ನಿಲ್ಲಿಸಿ, ದಾರಿಯ ಹಕ್ಕು ಬಗೆಹರಿಯುವ ತನಕ ಮುಂಗಡ ಕೊಡಬೇಡಿ. ರಸ್ತೆಯ ಈಗಿನ ಅಗಲ ಸರ್ವೆಯರ್ ತೋರಿಸುತ್ತಾರೆ. ಮಹಾಯೋಜನೆಯಲ್ಲಿ (ಮಾಸ್ಟರ್ ಪ್ಲಾನ್) ಅದು ಎಷ್ಟಕ್ಕೆ ಅಗಲವಾಗಲಿದೆ ಎಂಬುದನ್ನು ಪ್ರಾಧಿಕಾರದಲ್ಲಿ ಕೇಳಿ, ಮನೆಯ ಸುತ್ತ ಬಿಡಬೇಕಾದ ಖಾಲಿ ಜಾಗವನ್ನು (ಸೆಟ್‌ಬ್ಯಾಕ್) ಅಲ್ಲಿಂದ ಎಣಿಸಬೇಕಾಗಬಹುದು.

ಪಕ್ಕದವರು ಒಪ್ಪದಿದ್ದರೆ

ಖಾಸಗಿ ನಕ್ಷೆ ಹಿಡಿದು ವಾದಕ್ಕೆ ಇಳಿಯಬೇಡಿ, ಅವರು ಇನ್ನೊಬ್ಬ ಖಾಸಗಿಯವರನ್ನು ಕರೆತಂದು ಇನ್ನೊಂದು ನಕ್ಷೆ ಮಾಡಿಸುತ್ತಾರೆ. ಸರ್ವೆ ನಂಬರಿನ ಜಾಗವಾದರೆ ಹದ್ದುಬಸ್ತಿಗೆ ಅರ್ಜಿ ಹಾಕಿ. ಸಾಧ್ಯವಾದರೆ ಇಬ್ಬರೂ ಕೂಡಿ ಹಾಕಿ, ಆಗ ಬಂದ ಫಲ ಇಬ್ಬರಿಗೂ ನುಂಗಲು ಸುಲಭ. ಭೂಮಾಪಕರು ಬಂದ ದಿನ ನಿಮ್ಮ ತಕರಾರು ಏನಿದ್ದರೂ ಅಲ್ಲೇ ಬರೆದು ಕೊಡಿ, ಮಹಜರಿಗೆ ಓದದೆ ಸಹಿ ಹಾಕಬೇಡಿ. ಅಳತೆಯ ಮೇಲೆ ಇಲಾಖೆಯ ಮೇಲಧಿಕಾರಿಗಳ ಹತ್ತಿರ ಹೋಗುವ ದಾರಿ ಇದೆ. ಒತ್ತುವರಿ ತೆರವು, ಸ್ವಾಧೀನದಂಥ ವಿಷಯಕ್ಕೆ ಸಿವಿಲ್ ನ್ಯಾಯಾಲಯವೇ ಬೇಕು. ಅಲ್ಲಿ ಸಿವಿಲ್ ಪ್ರಕ್ರಿಯಾ ಸಂಹಿತೆಯ 26ನೇ ಆದೇಶ, 9ನೇ ನಿಯಮದಡಿ ಕಮಿಷನರ್ ನೇಮಿಸಿ ಸ್ಥಳದ ಅಳತೆ ಮಾಡಿಸಲು ಕೇಳಬಹುದು. ಆ ಕಮಿಷನರ್ ಬಂದಾಗಲೂ ಮೊದಲು ಹುಡುಕುವುದು ಹಳೆಯ ಬಾಂದುಕಲ್ಲನ್ನೇ, ಅಂದರೆ ಸರ್ವೆಯ ಗಡಿಕಲ್ಲನ್ನೇ. ಹಾಗಾಗಿ ಗಡಿ ಜಗಳ ಎದ್ದಿದೆ ಎಂದು ಗೊತ್ತಾದ ದಿನವೇ ಇರುವ ಕಲ್ಲುಗಳ ಚಿತ್ರ ತೆಗೆದಿಡಿ: ಒಂದು ಹತ್ತಿರದಿಂದ, ಒಂದು ಸುತ್ತಲಿನ ಮರ ಗೋಡೆ ಕಾಣುವಂತೆ ದೂರದಿಂದ, ಪಕ್ಕದಲ್ಲಿ ಅವತ್ತಿನ ದಿನಪತ್ರಿಕೆ ಇಟ್ಟು.